ಬಲ್ಬಿಗೆ ಹಾಕಿದ ಡಬ್ಬಿ ಹೀಟರ್ ರಾಡಿನ ಭಾರ ಹೊರುತ್ತದೆಯೇ?

ಹಳೆ ಹೆಂಚಿನ ಮನೆಗಳಲ್ಲಿ ತೊಲೆಯ ಪಕ್ಕ ಹೊಗೆ ಹಿಡಿದು ಕಪ್ಪಾದ ಒಂದು ಮರದ ಅಥವಾ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ನಡುಮನೆ, ಅಡುಗೆಮನೆ, ಹೊರಗಿನ ಜಗಲಿ, ಎಲ್ಲ ಬಲ್ಬುಗಳ ವೈರೂ ಬಂದು ಸೇರುವುದು ಅಲ್ಲೇ. ಅದೇ ಜಂಕ್ಷನ್ ಬಾಕ್ಸ್. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವಾಗ ಅದಕ್ಕೂ ಒಂದು ಕೈ ಬಳಿಯುತ್ತೇವೆ. ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡಿದವರು ಕಡಿಮೆ.

ಈ ಡಬ್ಬಿಯ ಹೊಣೆಯನ್ನು ಮನೆಯವರ ತಲೆಗೆ ಕಟ್ಟಿ ವಿದ್ಯುತ್ ಕಂಪನಿ, ಸರ್ಕಾರ ಎರಡೂ ಸುಮ್ಮನಿರುವುದು ಸರಿಯಲ್ಲ ಎನ್ನುವುದು ನಮ್ಮ ವಾದ.

ಲೆಕ್ಕ ನೋಡಿ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಬಡವರ ಮನೆಗೆ ಬಂದದ್ದು ಒಂದು ಬಲ್ಬಿನ ಕರೆಂಟು. 40 ವಾಟಿನ ಬಲ್ಬು ಎಳೆಯುವುದು ಕಾಲು ಆಂಪಿಯರಿಗೂ ಕಡಿಮೆ. ಈಗ ಅದೇ ವೈರಿಗೆ ಟಿವಿ, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಬೆಳಗ್ಗೆ ನೀರು ಕಾಯಿಸುವ ರಾಡು ಎಲ್ಲ ಬಿದ್ದಿವೆ. 1500 ವಾಟಿನ ಒಂದು ರಾಡು ಆರೂವರೆ ಆಂಪಿಯರ್ ಎಳೆಯುತ್ತದೆ, ಅಂದರೆ ಅಂಥ 37 ಬಲ್ಬುಗಳನ್ನು ಒಟ್ಟಿಗೇ ಉರಿಸಿದ ಹಾಗೆ. ಲೈಟಿನ ಸಾಮಾನ್ಯ ಸ್ವಿಚ್ಚು ತಡೆಯುವುದೇ 5-6 ಆಂಪಿಯರ್.

2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಒಳ್ಳೆಯದೇ ಆಯಿತು. ಒರಳಲ್ಲಿ ರುಬ್ಬಿ ಸೊಂಟ ಬಿದ್ದುಹೋದ ಅಮ್ಮಂದಿರಿಗೆ ಮಿಕ್ಸಿ ಬೇಡ ಎನ್ನಲು ನಮಗೆ ಬಾಯಿಲ್ಲ. ಆದರೆ ಯೂನಿಟ್ಟಿಗೆ ದುಡ್ಡು ಕೊಟ್ಟ ಸರ್ಕಾರ ಆ ಯೂನಿಟ್ಟು ಹರಿಯುವ ವೈರಿನ ಕಡೆ ತಿರುಗಿ ನೋಡಿಲ್ಲ.

ಡಬ್ಬಿಯೊಳಗೆ ಆಗುವುದು ಇಷ್ಟು. ಹಳೆ ವೈರು ಹೆಚ್ಚಾಗಿ ಅಲ್ಯೂಮಿನಿಯಂ. ಆಮೇಲೆ ಫ್ಯಾನಿಗೋ ಟಿವಿಗೋ ಎಂದು ತಂದ ವೈರು ತಾಮ್ರ. ಎರಡನ್ನೂ ಕೈಯಲ್ಲಿ ಹೊಸೆದು ಟೇಪು ಸುತ್ತಿರುತ್ತಾರೆ. ಈ ಎರಡು ಲೋಹ ಕೂಡಿದಲ್ಲಿ ತೇವ ತಗುಲಿದರೆ ಕಿಲುಬು ಕಟ್ಟುತ್ತದೆ, ಜಾಯಿಂಟು ಸಡಿಲವಾಗುತ್ತದೆ. ಸಡಿಲ ಜಾಯಿಂಟು ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ಆ ಬಿಸಿ ನಾಲ್ಕು ಪಟ್ಟು. ಟೇಪು ಕರಗಿ, ಒಣಗಿ ಉದುರುತ್ತದೆ. ಪಕ್ಕದಲ್ಲಿರುವುದು ಮರದ ತೊಲೆ, ಮೇಲೆ ಅಟ್ಟದಲ್ಲಿ ಒಣ ತೆಂಗಿನ ಸಿಪ್ಪೆ.

ಎಂಸಿಬಿ ಹಾಕಿಸಿದ್ದೇವೆ, ಭಯವಿಲ್ಲ ಎನ್ನುವವರಿಗೆ ಒಂದು ಮಾತು. ಎಂಸಿಬಿ ನೋಡುವುದು ಕರೆಂಟು ಮಿತಿ ಮೀರಿತೇ ಎಂದು ಮಾತ್ರ. ಶಾಕ್ ತಗುಲಿದಾಗ ಕರೆಂಟು ಕಡಿಯುವ ಆರ್‌ಸಿಸಿಬಿ ಜೀವ ಉಳಿಸುವ ಸಾಧನ, ಹಾಕಿಸಲೇಬೇಕು. ಆದರೆ ಮಿತಿಯೊಳಗಿನ ಕರೆಂಟಿಗೇ ಕೆಂಪಗೆ ಕಾಯುವ ಸಡಿಲ ಜಾಯಿಂಟು ಇವೆರಡರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಡಬ್ಬಿ ಬಿಚ್ಚಿಯೇ ನೋಡಬೇಕು.

ಬಿಚ್ಚುವ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ನದು, ನಿಮ್ಮದಲ್ಲ. ನೀವು ಕೆಳಗೆ ನಿಂತು ನೋಡಬಹುದಾದದ್ದೂ ಕಡಿಮೆಯಿಲ್ಲ. ರಾಡು ಹಾಕಿದಾಗ ಬಲ್ಬು ಮಂಕಾಗುತ್ತದೆಯೇ? ಡಬ್ಬಿಯಿಂದ ಚಿಟಿಚಿಟಿ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆಯೇ? ಸುಣ್ಣದ ಮೇಲೆ ಕಂದು ಕಲೆ ಎದ್ದಿದೆಯೇ? ಮಳೆಗಾಲದಲ್ಲಿ ಹೆಂಚು ಸೋರುವುದು ಅದರ ನೇರಕ್ಕೇ ಅಲ್ಲವೇ? ಮರದ ಡಬ್ಬಿಗೆ ಗೆದ್ದಲು ಹತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಆ ವೈರಿನಿಂದ ರಾಡು, ಇಸ್ತ್ರಿ ತೆಗೆಯಿರಿ. ಸುಟ್ಟ ವಾಸನೆ ಬಂದರಂತೂ ಮೇನ್ ಸ್ವಿಚ್ ಆರಿಸಿ ವೈರ್‌ಮನ್‌ನನ್ನು ಕರೆಸಿ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವ ಚಾಳಿಯನ್ನು ಇಂದೇ ಬಿಡಿ.

ವೈರ್‌ಮನ್ ಬಂದಾಗ ಬರೀ ಟೇಪು ಬದಲಿಸಿ ಹೋಗಲು ಬಿಡಬೇಡಿ. ಹೊಸೆದ ಜಾಯಿಂಟು ತೆಗೆದು ಸ್ಕ್ರೂ ಇರುವ ಕನೆಕ್ಟರ್ ಹಾಕಲಿ. ರಾಡಿಗೆ, ಮಿಕ್ಸಿಗೆ ಮೀಟರಿನ ಕಡೆಯಿಂದ ಅರ್ಥ್ ಸಮೇತ ಬೇರೆ ವೈರು ಎಳೆಯಲಿ. ಮೆಗ್ಗರ್ ಎಂಬ ಯಂತ್ರದಲ್ಲಿ 500 ವೋಲ್ಟ್ ಕೊಟ್ಟು ಅಳೆದರೆ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಕಡಿಮೆ ತೋರಿಸಿದರೆ ವೈರಿನ ಹೊದಿಕೆಯಲ್ಲೇ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ.

ಇದಕ್ಕೆಲ್ಲ ಖರ್ಚಿದೆ. ಕೂಲಿ ಮಾಡುವ ಮನೆ ಎಲ್ಲಿಂದ ತರಬೇಕು? ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿದರೆ ಕರೆಂಟು ಕಡಿಯುವ ಸಾಧನ ಇರಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಆದರೆ ತೀರಾ ಸಣ್ಣ ಲೋಡಿನ ಮನೆಗಳಿಗೆ ವಿನಾಯಿತಿ. ಕಾಗದದಲ್ಲಿ ಇನ್ನೂ ಒಂದೇ ಬಲ್ಬಿರುವ ಮನೆ ಆ ವಿನಾಯಿತಿಯೊಳಗೇ ಉಳಿಯುತ್ತದೆ. ಇನ್ನು ಮನೆಯ ವೈರಿಂಗ್ ಸರಿಯಿದೆ ಎಂದು ಮಾಲೀಕರೇ ದೃಢೀಕರಿಸಬೇಕಂತೆ. ಮೆಗ್ಗರ್ ಹೆಸರೇ ಕೇಳದ ಅಜ್ಜಿ ಏನೆಂದು ದೃಢೀಕರಿಸಬೇಕು?

ತಾಲ್ಲೂಕಿನ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಓದುವ ಹುಡುಗರಿದ್ದಾರೆ. ಲೈಸೆನ್ಸ್ ಇರುವ ಒಬ್ಬ ವೈರ್‌ಮನ್‌ನ ಜೊತೆ ಅವರನ್ನು ವರ್ಷಕ್ಕೊಂದು ವಾರ್ಡಿಗೆ ಕಳಿಸಿದರೆ ಐದಾರು ವರ್ಷಗಳಲ್ಲಿ ಊರಿನ ಹಳೆ ಮನೆಗಳ ಡಬ್ಬಿಗಳೆಲ್ಲ ಒಮ್ಮೆ ತೆರೆದಿರುತ್ತವೆ. ಕನೆಕ್ಟರ್, ಆರ್‌ಸಿಸಿಬಿಯ ಖರ್ಚನ್ನು ವಿದ್ಯುತ್ ಕಂಪನಿ ಕೊಡಲಿ. ಮುಂದಿನ ಗ್ರಾಮಸಭೆಗೆ ಹೋಗುವವರು ನಿಮ್ಮ ಓಣಿಯ ಹಳೆ ಮನೆಗಳ ಆರ್.ಆರ್. ನಂಬರು, ವೈರಿಂಗ್ ಮಾಡಿಸಿದ ಅಂದಾಜು ವರ್ಷ, ಈಗಿರುವ ಸಾಮಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅದನ್ನು ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.