ಅಧಿಕಾರ ಪತ್ರ: ಸಹಿಗೆ ಮುನ್ನ ಯೋಚಿಸಿರಿ

ನಮ್ಮ ವರ್ತಕ ಬಾಂಧವರಲ್ಲಿ ಅನೇಕರು ಪರಊರಿಗೆ ಹೊರಡುವಾಗಲೋ ಆರೋಗ್ಯ ಕೆಟ್ಟಾಗಲೋ ಮಗನಿಗೆ ಅಥವಾ ನಂಬಿಕೆಯ ಗುಮಾಸ್ತರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ನಿಶ್ಚಿಂತರಾಗುತ್ತಾರೆ. ಈ ರೂಢಿ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಅಧಿಕಾರ ಪತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಾಮಾನ್ಯ ಅಧಿಕಾರ ಪತ್ರವು ಬ್ಯಾಂಕು, ತೆರಿಗೆ, ವ್ಯಾಜ್ಯ, ಆಸ್ತಿ ಮುಂತಾದ ಹಲವು ವ್ಯವಹಾರಗಳನ್ನು ಒಟ್ಟಿಗೆ ಒಪ್ಪಿಸುತ್ತದೆ. ವಿಶೇಷ ಅಧಿಕಾರ ಪತ್ರವು ಒಂದು ಕ್ರಯಪತ್ರದ ನೋಂದಣಿ, ಒಂದು ಮೊಕದ್ದಮೆ ಇತ್ಯಾದಿ ನಿರ್ದಿಷ್ಟ ಕಾರ್ಯಕ್ಕೆ ಸೀಮಿತವಾದುದು. ಕಾರ್ಯ ಮುಗಿದೊಡನೆ ಅಧಿಕಾರವೂ ಮುಗಿಯುತ್ತದೆ. ಒಂದು ಕೋಣೆ ತೆರೆಯಲು ಬೀಗದ ಕೈಗಳ ಗೊಂಚಲನ್ನೇ ಕೊಡುವುದು ವಿವೇಕವಲ್ಲ.

ಹಲವರು ಗಮನಿಸದ ಸಂಗತಿಯೊಂದಿದೆ. 1872ರ ಭಾರತೀಯ ಕರಾರು ಕಾಯಿದೆಯ 201ನೇ ಕಲಮಿನ ಪ್ರಕಾರ, ಪತ್ರ ಕೊಟ್ಟವರು ಮೃತರಾದರೆ ಅಥವಾ ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಅಧಿಕಾರ ಕೊನೆಗೊಳ್ಳುತ್ತದೆ. ಪ್ರತಿನಿಧಿಗೆ ಆ ಸ್ವತ್ತಿನಲ್ಲಿ ಸ್ವಂತ ಹಿತವಿದ್ದಲ್ಲಿ ಮಾತ್ರ 202ನೇ ಕಲಮು ವಿನಾಯಿತಿ ನೀಡುತ್ತದೆ. ಆದ್ದರಿಂದ 'ನನಗೆ ನೆನಪು ಮಾಸಿದರೂ ಮಗ ಅಂಗಡಿ ನಡೆಸುತ್ತಾನೆ' ಎಂಬ ಭರವಸೆ, ಅಗತ್ಯ ಬಿದ್ದ ಹೊತ್ತಿನಲ್ಲೇ ಕೈಕೊಡಬಹುದು. ಅಂಥವರು ಆರೋಗ್ಯವಿರುವಾಗಲೇ ಮಗನನ್ನು ಪಾಲುದಾರನನ್ನಾಗಿ ಸೇರಿಸಿಕೊಳ್ಳುವುದು ಲೇಸು.

ರದ್ದತಿಯಲ್ಲಿಯೂ ಎಚ್ಚರ ಬೇಕು. 208ನೇ ಕಲಮಿನಂತೆ, ರದ್ದಾದ ವಿಷಯ ತಿಳಿಯದ ಮೂರನೆಯವರ ಮಟ್ಟಿಗೆ ಅಧಿಕಾರ ಮುಂದುವರಿಯುತ್ತದೆ. ಕೆಲಸ ಬಿಟ್ಟ ಗುಮಾಸ್ತರು ವಸೂಲು ಮಾಡಿದ ಬಾಕಿಯನ್ನು ಗಿರಾಕಿಯಿಂದ ಮತ್ತೆ ಕೇಳಲಾಗದು. ಆದುದರಿಂದ ಪ್ರತಿನಿಧಿಗೆ, ಬ್ಯಾಂಕಿಗೆ, ಗಿರಾಕಿಗಳಿಗೆ ಲಿಖಿತವಾಗಿ ತಿಳಿಸಿ, ಮೂಲ ಪತ್ರವನ್ನು ಹಿಂಪಡೆಯಬೇಕು.

ಕಾರ್ಯ, ಮೊತ್ತ, ಅವಧಿ ಈ ಮೂರನ್ನೂ ಸ್ಪಷ್ಟವಾಗಿ ನಮೂದಿಸದ ಪತ್ರಕ್ಕೆ ಸಹಿ ಹಾಕದಿರುವುದೇ ಕ್ಷೇಮ. ಇದು ಅಪನಂಬಿಕೆಯಲ್ಲ, ನಂಬಿಕೆಯನ್ನು ಕಾಪಾಡುವ ಕ್ರಮ.