ಸೋತ ಆಟದ ಲೆಕ್ಕ

ಈ ಸ್ಮರಣ ಸಂಚಿಕೆಗೆ ನಾನೂ ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಕೆಲಸವನ್ನು ಹೊತ್ತ ಸೋದರಿಯರು ಕೇಳಿಕೊಂಡಾಗ, ಸ್ತ್ರೀವಿದ್ಯಾಭ್ಯಾಸದ ಮಹಿಮೆಯನ್ನು ಕುರಿತ ಒಂದು ಉಪನ್ಯಾಸವನ್ನೇ ಅವರು ನಿರೀಕ್ಷಿಸಿದ್ದರೆಂದು ತೋರುತ್ತದೆ. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆದಿರುವರು. ನಾನು ಬರೆಯಹೊರಟಿರುವುದು ಚದುರಂಗವನ್ನು ಕುರಿತು. ಅದರಲ್ಲಿಯೂ ಗೆದ್ದ ಆಟಗಳನ್ನಲ್ಲ, ಸೋತ ಆಟಗಳನ್ನು ಕುರಿತು. ಪೋಷಕ ಮಹಾಶಯರು ಕಡೆಯವರೆಗೆ ಓದಿದ ಮೇಲೆ ನಗಬೇಕಾದರೆ ನಗಬಹುದು.

ಶನಿವಾರದ ಮಧ್ಯಾಹ್ನ ನಮ್ಮ ಶಾಲೆಯ ಜಗಲಿಯಲ್ಲಿ ಕೆಲವು ಬಾಲಿಕೆಯರು ಚದುರಂಗದ ಮಣೆಗಳನ್ನು ಹಾಸಿಕೊಂಡು ಕುಳಿತಿರುವುದನ್ನು ತಾವು ಕಂಡಿರಬಹುದು. ಒಮ್ಮೆ ದೇವರಾಯಸಮುದ್ರದಿಂದ ಮೊಮ್ಮಗಳನ್ನು ನೋಡಲು ಬಂದ ಹಿರಿಯರೊಬ್ಬರು ಇದನ್ನು ಕಂಡು ಬಹಳ ನೊಂದುಕೊಂಡರು. "ಅಮ್ಮಾವರೇ, ಧರ್ಮರಾಯನಂಥವನು ಜೂಜಾಡಿ ರಾಜ್ಯವನ್ನು ಕಳೆದುಕೊಂಡ. ನಮ್ಮ ಹುಡುಗಿಗೆ ಅದನ್ನೇ ಕಲಿಸುತ್ತೀರಾ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೇ. ಧರ್ಮರಾಯನು ಆಡಿದುದು ದಾಳದ ಆಟ. ದಾಳವು ಹೇಗೆ ಬೀಳುವುದೆಂಬುದು ಆಡುವವರ ಕೈಯಲ್ಲಿಲ್ಲ. ಆದುದರಿಂದ ಅಲ್ಲಿ ಸೋತವನು ಎಷ್ಟು ಯೋಚಿಸಿದರೂ ಅವನಿಗೆ ತಿಳಿದುಬರುವುದೇನೂ ಇಲ್ಲ, ಮತ್ತೆ ಆಡುವ ಚಪಲ ಮಾತ್ರ ಉಳಿಯುವುದು. ಚದುರಂಗದಲ್ಲಿ ದಾಳವಿಲ್ಲ. ಇಬ್ಬರ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಸೋತವಳು ಗ್ರಹಚಾರವನ್ನು ದೂರುವಂತಿಲ್ಲ. ಸೋಲು ಅವಳ ಸ್ವಂತದ್ದು, ಅದರ ಕಾರಣವೂ ಅವಳಿಗೆ ಸಿಕ್ಕುವಂಥದು. ಆ ಹಿರಿಯರು ನನ್ನ ಮಾತನ್ನು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೂ ಮೊಮ್ಮಗಳ ಆಟ ಮುಗಿಯುವವರೆಗೆ ಕುಳಿತು ನೋಡಿದರು.

ಈ ಆಟವು ನಮ್ಮ ಸೀಮೆಗೆ ಹೊಸದೂ ಅಲ್ಲ, ಅನ್ಯವೂ ಅಲ್ಲ. 1868ರಲ್ಲಿ ಕಾಲವಾದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಚದುರಂಗದ ವಿಷಯದಲ್ಲಿ ಅಪಾರವಾದ ಪರಿಶ್ರಮವುಳ್ಳವರಾಗಿದ್ದರು. 1831ರಲ್ಲಿ ರಾಜ್ಯದ ಆಡಳಿತವನ್ನು ಇಂಗ್ಲಿಷರು ಅವರ ಕೈಯಿಂದ ತೆಗೆದುಕೊಂಡರೆಂಬುದನ್ನು ನೆನೆದರೆ, ಸೋಲೆಂಬುದನ್ನು ಅವರು ಮಣೆಯ ಮೇಲೆ ಮಾತ್ರ ಕಂಡವರಲ್ಲವೆಂದು ತಿಳಿಯುತ್ತದೆ. ಕುದುರೆಯನ್ನು ಅದರ ನಡೆಯಲ್ಲಿಯೇ ನಡೆಸಿ 64 ಮನೆಗಳಲ್ಲಿಯೂ ಒಂದೊಂದು ಸಾರಿ ಮಾತ್ರ ಇಳಿಸುವ ಬಂಧಗಳನ್ನು ಅವರು ರಚಿಸಿರುವರು. ಇದನ್ನು ನಮ್ಮ ಬಾಲಿಕೆಯರಿಗೆ ಕೊಟ್ಟು ನೋಡಿದ್ದೇನೆ. ಐವತ್ತು ಮನೆಗಳನ್ನು ದಾಟಿದ ಮೇಲೆ ಕುದುರೆಗೆ ಹೋಗಲು ಹೊಸ ಮನೆಯೇ ಇಲ್ಲದೆ ನಿಲ್ಲುವುದು ಸಾಮಾನ್ಯ. ದಾಟಿದ ಮನೆಗಳಿಗೆ ಅಂಕೆ ಹಾಕದೆ ಆಡಿದವಳು ಮಣೆಯನ್ನು ಒರಸಿ ಮೊದಲಿನಿಂದ ಆರಂಭಿಸುವಳು; ಪುನಃ ಹಾಗೆಯೇ ಸಿಕ್ಕಿಬೀಳುವಳು. ಒಂದು, ಎರಡು, ಮೂರು ಎಂದು ಅಂಕೆ ಬರೆದುಕೊಂಡವಳು ಮಾತ್ರ ಹಿಂದಕ್ಕೆ ನಡೆದುಬಂದು, ಮೂಲೆಯ ಮನೆಯೊಂದನ್ನು ತಾನು ಎಲ್ಲಿ ಅನಾಥವಾಗಿ ಬಿಟ್ಟೆನೆಂಬುದನ್ನು ಕಾಣುವಳು.

"ಸೋಲೇ ಗೆಲುವಿನ ಮೆಟ್ಟಿಲು" ಎಂದು ನಾವು ಶಾಲೆಯ ಗೋಡೆಗಳ ಮೇಲೆ ಬರೆಯಿಸುವುದುಂಟು. ಈ ಮಾತಿನಲ್ಲಿ ನನಗೆ ನಂಬಿಕೆ ಸಾಲದು. ಸೋಲು ತಾನಾಗಿ ಯಾರಿಗೂ ಏನನ್ನೂ ಕಲಿಸುವುದಿಲ್ಲ. ನೂರು ಆಟಗಳನ್ನು ಸೋತು ನೂರೊಂದನೆಯದನ್ನೂ ಹಾಗೆಯೇ ಸೋಲುವವರನ್ನು ನಾನು ಬಲ್ಲೆ. ಬಹುಕಾಲ ಆ ಪೈಕಿ ನಾನೂ ಒಬ್ಬಳಾಗಿದ್ದೆ. ಬರೆದಿಟ್ಟ ಸೋಲು, ಮರಳಿ ನೋಡಿದ ಸೋಲು, ಮತ್ತೆ ಮಣೆಯ ಮುಂದೆ ಕುಳಿತುಕೊಳ್ಳಲು ಅವಕಾಶವುಳ್ಳ ಸೋಲು, ಇದೇ ಕಲಿಸತಕ್ಕದ್ದು. ಈ ಮೂರರಲ್ಲಿ ಒಂದು ತಪ್ಪಿದರೂ ಸೋಲು ಬರಿಯ ಸೋಲೇ.

ಇದಕ್ಕೆ ಒಂದು ದೃಷ್ಟಾಂತವುಂಟು. ಹಾಲೆಂಡಿನ ಮ್ಯಾಕ್ಸ್ ಯೂವೆ ಎಂಬುವರು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯರಾಗಿದ್ದರು. ಚದುರಂಗವು ಅವರಿಗೆ ಜೀವನೋಪಾಯವಾಗಿರಲಿಲ್ಲ. ಪಾಠದ ಕೆಲಸ ಮುಗಿದ ಮೇಲೆ ಆಡುವ ಹವ್ಯಾಸವಾಗಿದ್ದಿತು. ಅಂತಹವರು 1935ರಲ್ಲಿ ಜಗತ್ತಿನ ವೀರಾಗ್ರಣಿಯಾಗಿದ್ದ ಅಲೆಖೈನರೊಡನೆ 30 ಆಟಗಳ ಪಂದ್ಯಕ್ಕೆ ಕುಳಿತರು. ಒಂಬತ್ತು ಆಟಗಳಾಗುವ ಹೊತ್ತಿಗೆ ಐದನ್ನು ಸೋತು, ಎರಡನ್ನು ಮಾತ್ರ ಗೆದ್ದಿದ್ದರು. ಬೇರೆಯವರಾಗಿದ್ದರೆ ಮರ್ಯಾದೆಯನ್ನು ಉಳಿಸಿಕೊಂಡರೆ ಸಾಕೆಂದುಕೊಳ್ಳುತ್ತಿದ್ದರು. ಈ ಉಪಾಧ್ಯಾಯರಾದರೋ ಹದಿನಾಲ್ಕನೆಯ ಆಟದ ಹೊತ್ತಿಗೆ ಸಮಸಮಕ್ಕೆ ಬಂದು, ಡಿಸೆಂಬರಿನಲ್ಲಿ ಪಂದ್ಯವು ಮುಗಿದಾಗ ಒಂದು ಅಂಶದಿಂದ ಗೆದ್ದರು. ಎರಡು ವರ್ಷಗಳ ಮೇಲೆ ಅದೇ ಅಲೆಖೈನರಿಗೆ ಪದವಿಯನ್ನು ಬಿಟ್ಟುಕೊಡಬೇಕಾಯಿತೆಂಬುದನ್ನೂ ಹೇಳದಿದ್ದರೆ ಚರಿತ್ರೆಗೆ ದ್ರೋಹವಾಗುವುದು. ಮುಂದೆ 1963ರಲ್ಲಿ ಅವರು ಸಹಲೇಖಕರೊಬ್ಬರೊಡನೆ ಪ್ರಕಟಿಸಿದ ಗ್ರಂಥದ ವಿಷಯವೇ ಹವ್ಯಾಸಿಯಾದವನು ನಿಪುಣನೊಡನೆ ಆಡುವಾಗ ಎಲ್ಲೆಲ್ಲಿ ತಪ್ಪುವನು, ಆ ತಪ್ಪಿಗೆ ದಂಡವನ್ನು ಹೇಗೆ ತೆರುವನು ಎಂಬುದು. ಉಪಾಧ್ಯಾಯರ ಬುದ್ಧಿ ಅವರನ್ನು ಬಿಡಲಿಲ್ಲ!

ಈ ಯೂವೆಯವರನ್ನೂ ಸೋಲಿಸಿದ ಮಹಿಳೆಯೊಬ್ಬರಿದ್ದರು. ವೆರಾ ಮೆಂಚಿಕ್ ಎಂಬ ಆಕೆ 1927ರಲ್ಲಿ ಸ್ತ್ರೀಯರೊಳಗೆ ಜಗತ್ತಿನ ಪ್ರಥಮ ವಿಜೇತೆ. 1929ರಲ್ಲಿ ಕಾರ್ಲ್ಸ್‌ಬಾಡಿನಲ್ಲಿ ಪ್ರಸಿದ್ಧ ಪುರುಷರೊಡನೆ 21 ಆಟಗಳನ್ನಾಡಿ ಮೂರೇ ಅಂಶಗಳನ್ನು ಗಳಿಸಿ ಎಲ್ಲರಿಗಿಂತ ಕಡೆಯವರಾದರು. ಹೆಂಗಸಿಗೆ ಇದೇಕೆಂದು ಹಾಸ್ಯಮಾಡಿದವರು ಬಹುಮಂದಿ. ಆಕೆ ಮನೆಗೆ ಹೋಗಿ ಕೂರಲಿಲ್ಲ. ಮುಂದೆ ಹೇಸ್ಟಿಂಗ್ಸ್ ಪಂದ್ಯಗಳಲ್ಲಿ ಯೂವೆಯವರನ್ನು ಎರಡು ಸಾರಿ ಸೋಲಿಸಿದರು. ಇನ್ನು ನಮ್ಮ ಕಾಲದಲ್ಲಿಯೇ, 2025ರಲ್ಲಿ, ಮಹಿಳೆಯರ ವಿಶ್ವಕಪ್ ಪಂದ್ಯದ ಕಡೆಯ ಸುತ್ತಿನಲ್ಲಿ ಎದುರುಬದುರಾಗಿ ಕುಳಿತವರಿಬ್ಬರೂ ಭಾರತದ ಹೆಣ್ಣುಮಕ್ಕಳೇ: ಕೊನೇರು ಹಂಪಿಯವರೂ ದಿವ್ಯಾ ದೇಶಮುಖ್ ಅವರೂ. ಹತ್ತೊಂಬತ್ತು ವರ್ಷದ ದಿವ್ಯಾ ಗೆದ್ದರು.

ನನ್ನ ವಿಷಯಕ್ಕೆ ಬಂದರೆ, ನಾನು ದೊಡ್ಡ ಆಟಗಾರ್ತಿಯಲ್ಲ. ನನ್ನ ಮೇಜಿನ ಖಾನೆಯಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವಿದೆ. ಆಡಿದ ಆಟಗಳ ನಡೆಗಳನ್ನೆಲ್ಲ ಅದರಲ್ಲಿ ಬರೆದಿಡುತ್ತೇನೆ. ಅದರಲ್ಲಿ ಸೋತವೇ ಹೆಚ್ಚು. ಮೊದಮೊದಲು ಸೋತ ಆಟವನ್ನು ಬರೆಯುವುದೇ ಅವಮಾನವೆನಿಸುತ್ತಿತ್ತು. ಬರೆದ ಮೇಲೆಯೂ ಕಡೆಯ ನಡೆಯನ್ನೇ ದೂರುತ್ತಿದ್ದೆ: ಆ ಕುದುರೆಯನ್ನು ನಾನು ನೋಡಲಿಲ್ಲ, ಅದು ಒಂದೇ ಏಟಿಗೆ ರಾಜನನ್ನೂ ಆನೆಯನ್ನೂ ಹಿಡಿಯಿತು, ಇಲ್ಲದಿದ್ದರೆ ಗೆಲ್ಲುತ್ತಿದ್ದೆ ಎಂದು. ಬಿಡುವಾಗಿ ಮಣೆಯ ಮೇಲೆ ಹಿಂದಕ್ಕೆ ನಡೆಸಿ ನೋಡಿದಾಗ ಸಂಗತಿ ಬೇರೆಯಾಗಿ ಕಂಡಿತು. ಆ ಕುದುರೆ ಬರುವುದಕ್ಕೆ ಹತ್ತು ನಡೆಗಳ ಮುಂಚೆಯೇ ಒಂದು ಬಡ ಕಾಲಾಳಿನ ಆಸೆಗೆ ಮಂತ್ರಿಯನ್ನು ದೂರ ಕಳುಹಿಸಿ, ರಾಜನನ್ನು ಕಾಯುವವರಿಲ್ಲದಂತೆ ಮಾಡಿಕೊಂಡಿದ್ದೆ. ಹಿಂದಿನ ಪುಟಗಳನ್ನು ತಿರುವಿದರೆ ಅಲ್ಲಿಯೂ ಅದೇ, ಅದರ ಹಿಂದೆಯೂ ಅದೇ. ಈ ಆತುರವು ನನ್ನ ಆಟದಲ್ಲಿ ಮಾತ್ರವಿದೆಯೇ ಎಂದು ನನ್ನ ಸಹೋಪಾಧ್ಯಾಯಿನಿಯರನ್ನು ಕೇಳಲು ನನಗೆ ಧೈರ್ಯವಿಲ್ಲ.

ನಿಪುಣರಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಅದೇ ಮಣೆಯ ಮುಂದೆ ಕುಳಿತು, ಇಲ್ಲಿ ಹೀಗೆ ನಡೆಸಿದ್ದರೆ ಏನಾಗುತ್ತಿತ್ತು, ಅಲ್ಲಿ ನೀವು ಏನನ್ನು ಕಂಡಿರಿ ಎಂದು ಇಬ್ಬರೂ ವಿಚಾರಮಾಡುವರು. ನಮ್ಮ ಜಗಲಿಯಲ್ಲಿಯೂ ಇದನ್ನು ನಿಯಮವಾಗಿ ಮಾಡಿದ್ದೇನೆ. ಸೋತ ಹುಡುಗಿಯು ಅಳುತ್ತಿದ್ದರೆ ಅತ್ತು ಮುಗಿಸಿದ ಮೇಲೆ ಕುಳಿತರೆ ಸಾಕು.

ಈಗ ನನ್ನದೇ ಒಂದು ಸೋತ ಆಟವನ್ನು ಹೇಳಬೇಕಾಗಿದೆ; ಇದು ಮಣೆಯ ಮೇಲಿನದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಾಲಿಕೆಯೊಬ್ಬಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತವೊಂದರಲ್ಲಿ ಮಾತ್ರ, ಅದೂ ಕೆಲವೇ ಅಂಕಗಳ ಕೊರತೆಯಿಂದ, ಉತ್ತೀರ್ಣಳಾಗಲಿಲ್ಲ. ಫಲಿತಾಂಶ ಬಂದ ಮೂರನೆಯ ದಿನ ತಂದೆಯು ಬಂದು, "ಓದು ಅವಳ ಹಣೆಯಲ್ಲಿ ಬರೆದಿಲ್ಲ ತಾಯಿ, ಕಾಗದಗಳನ್ನು ಕೊಟ್ಟುಬಿಡಿ" ಎಂದರು. ಬೆಂಗಳೂರಿನಲ್ಲಿ ಸೋದರತ್ತೆಯ ಮನೆಯಲ್ಲಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿಸುವುದೆಂದೂ, ಹದಿನೆಂಟು ತುಂಬಿದೊಡನೆ ಮದುವೆಯೆಂದೂ ನಿಶ್ಚಯವಾಗಿದ್ದಿತು. ನಾನು ಎರಡು ಮಾತು ಹೇಳಿದೆ, ಅವರು ಕೇಳಲಿಲ್ಲ, ಹೊರಗೆ ಬೇರೆಯವರು ಕಾದಿದ್ದರು, ರುಜು ಹಾಕಿದೆ. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವಳನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಬೇಸಿಗೆಯ ರಜದಲ್ಲಿ ಬೀರುವನ್ನು ಅಣಿಗೊಳಿಸುವಾಗ ಅವಳ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರಪತ್ರಿಕೆ ಕೈಗೆ ಸಿಕ್ಕಿತು. ಚದುರಂಗದ ಪುಸ್ತಕವನ್ನು ನೋಡುವ ಅಭ್ಯಾಸದಿಂದಲೇ ಇರಬೇಕು, ಅದನ್ನೂ ಹಿಂದುಮುಂದಾಗಿ ನೋಡತೊಡಗಿದೆ. ಹುಡುಗಿಗೆ ಲೆಕ್ಕದ ಮಾರ್ಗ ತಿಳಿದಿತ್ತು. ತಪ್ಪಾದ ಒಂಬತ್ತು ಲೆಕ್ಕಗಳಲ್ಲಿ ಏಳು ಒಂದೇ ಕಾರಣದಿಂದ ತಪ್ಪಾಗಿದ್ದವು: ಸಮೀಕರಣದ ಒಂದು ಬದಿಯ ಪದವನ್ನು ಇನ್ನೊಂದು ಬದಿಗೆ ಒಯ್ಯುವಾಗ ಚಿಹ್ನೆಯನ್ನು ಬದಲಿಸಿರಲಿಲ್ಲ. ಇದು ಹತ್ತನೆಯ ತರಗತಿಯ ಪಾಠವೇ ಅಲ್ಲ. ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನು ತೆಗೆಸಿ ನೋಡಿದೆ. ಆ ಪಾಠ ನಡೆದ ಮೂರು ವಾರವೂ ಅವಳ ಹೆಸರಿನ ಮುಂದೆ ಗೈರು. ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ಕಾಲ. ಚಂದ್ರಿಕೆಗೆ ಹುಳು ಬಿಡಲು ಮನೆಮಂದಿಯ ಕೈ ಸಾಲದೆ ಮಗಳನ್ನು ನಿಲ್ಲಿಸಿಕೊಂಡಿದ್ದರು. ಅವಳು ಮರಳಿ ಬಂದಾಗ ಹೋದ ಪಾಠವನ್ನು ಹೇಳಿಕೊಟ್ಟವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಗೈರೆಂದು ಬರೆದೆವು, ಅಷ್ಟೆ. ಅನಂತರ ಎರಡು ವರ್ಷ ಅವಳನ್ನು ತರಗತಿಯಿಂದ ತರಗತಿಗೆ ದಾಟಿಸಿದೆವು. ತಂದೆಯು ತಪ್ಪಾದ ನಡೆಯೆಂದು ತಿಳಿದುದು ಕಡೆಯ ನಡೆಯನ್ನು. ತಪ್ಪಿದುದು ಅದಕ್ಕೆ ಬಹಳ ಮುಂಚೆ, ತಪ್ಪಿದವರಲ್ಲಿ ಅವರೂ ಉಂಟು, ನಾನೂ ಉಂಟು. ಶಿಕ್ಷೆ ಮಾತ್ರ ಅವಳೊಬ್ಬಳಿಗೆ ಬಂದಿತು.

ರೇಷ್ಮೆ ಸಾಕುವ ತಾಯಂದಿರನ್ನೇ ಒಂದು ಮಾತು ಕೇಳುತ್ತೇನೆ. ಸುಣ್ಣಕಟ್ಟು ರೋಗದಿಂದ ಹುಳುಗಳು ಬೆಳ್ಳಗೆ ಬಿರುಸಾಗಿ ಸತ್ತುಹೋದರೆ, ನಮ್ಮ ಹಣೆಯಲ್ಲಿ ರೇಷ್ಮೆ ಬರೆದಿಲ್ಲವೆಂದು ಹಿಪ್ಪುನೇರಳೆಯ ತೋಟವನ್ನು ಕಿತ್ತುಹಾಕುವಿರಾ? ಮನೆಯಲ್ಲಿ ತೇವ ಹೆಚ್ಚಿತ್ತೇ, ಗಾಳಿ ಆಡಲಿಲ್ಲವೇ, ಸತ್ತ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಹಾಕಿದೆವೇ ಎಂದು ಹುಡುಕುವಿರಿ. ಮನೆಯನ್ನು ತೊಳೆದು ಮುಂದಿನ ಬೆಳೆಗೆ ಮೊಟ್ಟೆ ತರುವಿರಿ. ಹುಳುವಿಗೆ ತೋರಿಸುವ ಈ ವಿವೇಚನೆ ಮಗಳ ಪಾಲಿಗೆ ಏಕಿಲ್ಲವೋ ನಾನರಿಯೆ. ಗಂಡುಮಗನು ಅನುತ್ತೀರ್ಣನಾದರೆ ಕೋಲಾರದಲ್ಲಿ ಮನೆಪಾಠಕ್ಕೆ ಸೇರಿಸುವವರೇ ಮಗಳ ಕಾಗದಗಳನ್ನು ಕೇಳಲು ಬರುವರು. ಇದನ್ನು ಕೋಪದಿಂದ ಬರೆಯುತ್ತಿರುವೆನೆಂದು ತಾವು ಭಾವಿಸಿದರೆ, ಅದು ನಿಜ.

ಪೇತ್ರನು ಕೋಳಿ ಕೂಗುವುದಕ್ಕೆ ಮುಂಚೆ ಮೂರು ಸಾರಿ ಸೋತನೆಂಬುದನ್ನು ನಾಲ್ಕು ಸುವಾರ್ತೆಗಳಲ್ಲಿಯೂ ಬರೆದಿಟ್ಟಿದ್ದಾರೆ. ಸಭೆಗೆ ಹಿರಿಯನಾದವನ ಸೋಲೆಂದು ಯಾರೂ ಅದನ್ನು ಒರಸಿಹಾಕಲಿಲ್ಲ. ಅವನನ್ನು ಸರೋವರದ ದಡದಲ್ಲಿ ಮತ್ತೆ ಮೂರು ಸಾರಿ ಕೇಳಿದ್ದೂ ಉಂಟು.

ಈಗ ಅನುಕೂಲಗಳು ಹೆಚ್ಚಿವೆ. 2024ರಲ್ಲಿ ಹತ್ತನೆಯ ತರಗತಿಯವರಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಕ್ರಮವನ್ನು ತಂದಿದ್ದರು. ಶುಲ್ಕವನ್ನು ಕಟ್ಟಿದರೆ ಮಂಡಳಿಯವರು ಉತ್ತರಪತ್ರಿಕೆಯ ಪ್ರತಿಯನ್ನು ಕೊಡುವರು. ಅಂಕ ಹೆಚ್ಚಿಸಿಕೊಳ್ಳುವುದಕ್ಕಾಗಿ ಮಾತ್ರ ಅದನ್ನು ತರಿಸುವ ರೂಢಿಯಾಗಿದೆ. ಅನುತ್ತೀರ್ಣಳಾದವಳೇ ಅದನ್ನು ಮೊದಲು ತರಿಸಬೇಕು. ತರಿಸಿಕೊಂಡು ಅವಳನ್ನೂ ಕರೆತನ್ನಿ. ಮುಂದೆ ಕಾಗದಗಳನ್ನು ಕೇಳಲು ಬರುವ ಪೋಷಕರಿಗೆ ಆ ಪತ್ರಿಕೆಯನ್ನು ಮಗಳೊಡನೆ ಕುಳಿತು ನೋಡುವವರೆಗೆ ರುಜು ಹಾಕಲಾರೆನೆಂದು ಹೇಳುವುದಾಗಿ ನಿಶ್ಚಯಿಸಿದ್ದೇನೆ. ಹಾಗೆ ತಡೆಯಲು ನನಗೆ ಅಧಿಕಾರವಿಲ್ಲವೆಂದು ಬಲ್ಲೆ. ಅರ್ಧ ಗಂಟೆ ಕುಳ್ಳಿರಿಸುವಷ್ಟು ಸಲಿಗೆ ತಮ್ಮಲ್ಲಿ ನನಗುಂಟೆಂದು ನಂಬಿದ್ದೇನೆ. ಹೋದ ವರ್ಷ ಹೀಗೆ ಕುಳಿತವಳೊಬ್ಬಳು ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮುಳಬಾಗಿಲಿನಲ್ಲಿ ಕಾಲೇಜಿಗೆ ಸೇರಿರುವಳು. ಇಬ್ಬರು ಮೂರನೆಯದರಲ್ಲಿಯೂ ಆಗಲಿಲ್ಲ. ಈಗಲೂ ಶನಿವಾರ ಬರುತ್ತಿರುವರು.

ಈ ಸಂಚಿಕೆಯು ಪೂರ್ವ ವಿದ್ಯಾರ್ಥಿನಿಯರ ಕೈಗೂ ಸೇರುವುದಷ್ಟೆ. ಅರ್ಧದಲ್ಲಿ ಹೋದವರೂ ನಮ್ಮ ಪೂರ್ವ ವಿದ್ಯಾರ್ಥಿನಿಯರೇ ಎಂದು ಸಮಿತಿಯವರಿಗೆ ಹೇಳಿ, ಅವರ ವಿಳಾಸಗಳಿಗೂ ಕಳುಹಿಸುವಂತೆ ಏರ್ಪಡಿಸಿದ್ದೇನೆ. ಆ ಹುಡುಗಿಗೆ ಇದು ತಲಪಿದರೆ, ಈಗ ಮನೆಯಿರಲಿ ಮಕ್ಕಳಿರಲಿ, ಉಳಿದಿರುವುದು ಒಂದೇ ವಿಷಯ. ಪರೀಕ್ಷೆಗೆ ಮತ್ತೆ ಹೆಸರು ಕೊಡಬಹುದು. ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ನಾನು ಜಗಲಿಯಲ್ಲಿಯೇ ಇರುತ್ತೇನೆ. ಅವಳ ಆ ಉತ್ತರಪತ್ರಿಕೆಯನ್ನು ನನ್ನ ರಟ್ಟಿನ ಪುಸ್ತಕದೊಳಗೆ ಇಟ್ಟಿದ್ದೇನೆ.