ಹದಿನೈದು ದಿನಕ್ಕೇ ಇಷ್ಟು ಸಂಕಟವೇ?

ಬುಲ್ಡೋಜರ್ ಭಕ್ತರಿಗೆ ಸುಪ್ರೀಂ ಕೋರ್ಟಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. 2024ರ ನವೆಂಬರ್ 13ರಂದು ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಮಾಡಿದ ಮಹಾಪರಾಧವಾದರೂ ಏನು? ಮನೆ ಕೆಡವುವ ಮುಂಚೆ ನೋಟಿಸ್ ಕೊಡಿ, 15 ದಿನ ಕಾಯಿರಿ, ಮನೆಯವನ ಮಾತು ಕೇಳಿ, ಕೆಡವುವುದಾದರೆ ಕಾರಣ ಬರೆದುಕೊಡಿ ಎಂದಿತು. ರಸ್ತೆ, ಫುಟ್‌ಪಾತ್, ರೈಲು ಹಳಿ, ನದಿಯ ಜಾಗ ಒತ್ತುವರಿ ಮಾಡಿದವರಿಗೆ ಈ ರಕ್ಷಣೆಯೂ ಇಲ್ಲ. ಇಷ್ಟಕ್ಕೇ ‘ಕೋರ್ಟು ಕ್ರಿಮಿನಲ್‌ಗಳ ಪರ’ ಎಂಬ ಗೋಳಾಟ!

ಕರೆಂಟ್ ಬಿಲ್ಲು ಕಟ್ಟಿಸಿಕೊಂಡು, ಮನೆ ಕಂದಾಯ ವಸೂಲಿ ಮಾಡಿ, ಅದೇ ವಿಳಾಸಕ್ಕೆ ವೋಟರ್ ಐಡಿ ಕೊಟ್ಟ ಸರ್ಕಾರಕ್ಕೆ ಆ ಮನೆ ಅಕ್ರಮ ಎಂದು ಹೊಳೆಯುವುದು ಯಾವಾಗ? ಮನೆಯ ಮಗನ ಹೆಸರು ಎಫ್‌ಐಆರ್‌ನಲ್ಲಿ ಬಂದ ಮರುದಿನ. ಅಲ್ಲಿಯವರೆಗೆ ಅಳತೆ ಟೇಪು ಎಲ್ಲಿತ್ತು? ವರ್ಷಗಟ್ಟಲೆ ಕಣ್ಣಿಗೆ ಬೀಳದ ಗೋಡೆ ಇನ್ನು ಹದಿನೈದು ದಿನ ನಿಂತರೆ ಯಾವ ದೇಶ ಮುಳುಗುತ್ತದೆ?

ಭಾರತೀಯ ನ್ಯಾಯ ಸಂಹಿತೆಯ 4ನೇ ಸೆಕ್ಷನ್ ಆರು ಬಗೆಯ ಶಿಕ್ಷೆ ಹೇಳುತ್ತದೆ: ಮರಣದಂಡನೆ, ಜೀವಾವಧಿ, ಸೆರೆವಾಸ, ಆಸ್ತಿ ಮುಟ್ಟುಗೋಲು, ದಂಡ, ಸಮುದಾಯ ಸೇವೆ. ಬರೆದವರು ಕೇಂದ್ರ ಸರ್ಕಾರದವರೇ; ಬೇಕಿದ್ದರೆ ಏಳನೆಯದಾಗಿ ಜೆಸಿಬಿಯನ್ನೂ ಸೇರಿಸಬಹುದಿತ್ತು. ಸೇರಿಸಲಿಲ್ಲ. ಸೇರಿಸಿದ್ದರೂ ವಿಧಿಸಬೇಕಾದವರು ನ್ಯಾಯಾಧೀಶರು, ಟಿವಿ ಆಂಕರ್ ಅಲ್ಲ. ಅದಿರಲಿ, ಆರೋಪ ಮಗನ ಮೇಲಾದರೆ ಅವನ ಅಜ್ಜಿಯ ಅಡುಗೆಮನೆ ಮಾಡಿದ ತಪ್ಪೇನು?

ನಮ್ಮವರೇನೂ ಹಿಂದೆ ಬಿದ್ದಿಲ್ಲ. 2022ರ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಯುವಕನೊಬ್ಬನ ಕೊಲೆಯಾಗಿ ಜನ ರೊಚ್ಚಿಗೆದ್ದಾಗ, ಅಗತ್ಯ ಬಿದ್ದರೆ ಇಲ್ಲಿಗೂ ಉತ್ತರ ಪ್ರದೇಶದ ಯೋಗಿ ಮಾದರಿ ಬರುತ್ತದೆ ಎಂದವರು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಆ ಮನೆತನದವರ ಬಾಯಲ್ಲಿ ಈ ಮಾತೇ! ಅವರ ತಂದೆ ಎಸ್.ಆರ್. ಬೊಮ್ಮಾಯಿ 1989ರ ಏಪ್ರಿಲ್‌ನಲ್ಲಿ ಕೇಳಿದ್ದು ಏನನ್ನು? ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು. ರಾಜ್ಯಪಾಲರು ಕಿವಿಗೊಡಲಿಲ್ಲ, ದೆಹಲಿಯ ಕಾಂಗ್ರೆಸ್ ಸರ್ಕಾರ ಕಾಯಲಿಲ್ಲ, ಸರ್ಕಾರವೇ ನೆಲಸಮ. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಲೆಕ್ಕ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ಅಂದಿನಿಂದ ದೇಶದ ಪ್ರತಿ ಮುಖ್ಯಮಂತ್ರಿಯ ಕುರ್ಚಿಗೂ ಆ ತೀರ್ಪೇ ಕಾವಲು. ಕೆಡವುವ ಮುಂಚೆ ನನ್ನ ಮಾತು ಕೇಳಿ ಎಂದು ಮುಖ್ಯಮಂತ್ರಿ ಅಂದರೆ ಅದು ಸಂವಿಧಾನದ ಪಾಠ, ಶೀಟಿನ ಮನೆಯವನು ಅಂದರೆ ದೇಶದ್ರೋಹ!

ಇನ್ನು ಚಪ್ಪಾಳೆ ತಟ್ಟುವ ನಮ್ಮ ಬೆಂಗಳೂರಿನ ಮಧ್ಯಮ ವರ್ಗ. ಸೆಟ್‌ಬ್ಯಾಕ್ ನುಂಗಿ ಪಕ್ಕದ ಮನೆಯ ಗೋಡೆಗೆ ಗೋಡೆ ತಾಗಿಸಿ ಕಟ್ಟಿಕೊಂಡವರೇ ವಾಟ್ಸ್‌ಆಪ್‌ನಲ್ಲಿ ಬುಲ್ಡೋಜರ್ ಎಮೋಜಿ ಹಾಕುತ್ತಾರೆ. ಇವರ ಉಲ್ಲಂಘನೆಗೆ ಮಾತ್ರ ‘ಅಕ್ರಮ–ಸಕ್ರಮ’ ಎಂಬ ಮುದ್ದಿನ ಹೆಸರು! ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಾಗ ಇವರಿಗೆ ಕಾನೂನಿನ ಆಳ್ವಿಕೆಯ ಮೇಲೆ ಎಲ್ಲಿಲ್ಲದ ಬೇಸರ. 2016ರ ಆಗಸ್ಟ್ ಮರೆತುಹೋಯಿತೇ? ರಾಜಕಾಲುವೆಯ ಹೆಸರಿನಲ್ಲಿ ಮನೆಗಳು ಉರುಳಿದಾಗ ಜನ ಖಾತೆ, ಮಂಜೂರಾದ ನಕ್ಷೆ, ಬ್ಯಾಂಕ್ ಸಾಲದ ಪತ್ರ ಹಿಡಿದು ಬೀದಿಯಲ್ಲಿ ಅತ್ತರು. ನಕ್ಷೆಗೆ ಸಹಿ ಹಾಕಿದ ಅಧಿಕಾರಿಯ ಮನೆಯ ಮುಂದೆ ಯಾವ ಜೆಸಿಬಿ ನಿಂತಿತು? ಜೆಸಿಬಿ ನಮ್ಮಲ್ಲಿ ರಾಜಕಾರಣಿಗಳ ಮೇಲೆ ಹೂ ಸುರಿಯಲಿಕ್ಕೂ ಬರುತ್ತದೆ. ಯಾರ ಮೇಲೆ ಹೂ, ಯಾರ ಮೇಲೆ ಹಲ್ಲು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು.

ತಪ್ಪು ಮಾಡದವನಿಗೆ ಭಯವೇಕೆ ಎನ್ನುವವರು ಪ್ರಯಾಗ್‌ರಾಜ್ ಕಡೆ ನೋಡಲಿ. 2021ರ ಮಾರ್ಚ್‌ನಲ್ಲಿ ಅಲ್ಲಿ ಒಬ್ಬ ವಕೀಲರು, ಒಬ್ಬ ಪ್ರೊಫೆಸರ್ ಮತ್ತಿತರರ ಮನೆಗಳು ಉರುಳಿದವು. ಶನಿವಾರ ರಾತ್ರಿ ನೋಟಿಸ್, ಭಾನುವಾರ ಬುಲ್ಡೋಜರ್. ಮೇಲ್ಮನವಿಗೆ ಹೋಗೋಣವೆಂದರೆ ಕಚೇರಿಯ ಬಾಗಿಲೇ ತೆರೆದಿರದ ದಿನ. ಆ ಜಾಗ ಗ್ಯಾಂಗ್‌ಸ್ಟರ್ ಅತೀಕ್ ಅಹ್ಮದ್‌ನದು ಎಂದು ಸರ್ಕಾರ ತಪ್ಪು ತಿಳಿದಿತ್ತು ಎಂಬುದು ಅವರ ವಕೀಲರ ವಾದವಾಗಿತ್ತು. ಇಂಥ ಎಡವಟ್ಟು ಬಯಲಾಗಲೆಂದೇ ಇರುವುದು ಆ ಹದಿನೈದು ದಿನ! ಸಂವಿಧಾನದ 300ಎ ವಿಧಿ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುತ್ತದೆ. ‘ಯಾರ’ ಎಂದರೆ ನನ್ನದು, ನಿಮ್ಮದು, ನಿಮಗೆ ಕಂಡರಾಗದವನದು.

2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ಮನೆಯವರಿಗೆ ತಲಾ 10 ಲಕ್ಷ ರೂಪಾಯಿ ಕೊಡಿ ಎಂದು ಆದೇಶಿಸಿತು. ಕೊಡಬೇಕಾದ್ದು ಯಾರು? ಬುಲ್ಡೋಜರ್ ಮುಂದೆ ಫೋಟೋ ತೆಗೆಸಿಕೊಳ್ಳುವ ನಾಯಕರಲ್ಲ. ಪ್ರಯಾಗ್‌ರಾಜ್ ಅಭಿವೃದ್ಧಿ ಪ್ರಾಧಿಕಾರ. ಅಂದರೆ ಸಾರ್ವಜನಿಕರ ದುಡ್ಡು. ಕೆಡವಿದಾಗ ಊರಿಗೆಲ್ಲ ಲಡ್ಡು ಹಂಚುವ ಬುಲ್ಡೋಜರ್ ಪ್ರೇಮಿಗಳು ಈ ಬಿಲ್ಲನ್ನೂ ತಮ್ಮೊಳಗೇ ಹಂಚಿಕೊಳ್ಳಲಿ.